ಎದುರುಗಾಳಿಯ ಅಮಾವಾಸ್ಯೆ

"ಬುದ್ಧಿ, ನೆರವೇರದೆ ಉಳಿದ ಸಂಕಲ್ಪವನ್ನು ಚಿಕ್ಕದು ಮಾಡಿಕೊಳ್ಳಬೇಕೋ, ಹಾಗೆಯೇ ಹಿಡಿದುಕೊಂಡು ಇನ್ನೊಂದು ವರ್ಷ ಗುದ್ದಾಡಬೇಕೋ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಕಿರಿಯ ಶಿಷ್ಯ ನಿಜಗುಣ. ಯುಗಾದಿ ಹತ್ತಿರ ಬಂದಿತ್ತು. ಹೋದ ಯುಗಾದಿಯಂದು ಅವನು, ವರ್ಷ ತುಂಬುವುದರೊಳಗೆ ಸುತ್ತಲಿನ ಬೆಟ್ಟಗಳನ್ನೆಲ್ಲ ಸೈಕಲ್ ಮೇಲೆ ಹತ್ತಿ ಇಳಿಯುತ್ತೇನೆ ಎಂದು ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದ. ಅರ್ಧದಷ್ಟು ಬೆಟ್ಟಗಳು ಹಾಗೆಯೇ ಉಳಿದಿದ್ದವು. ಈಗ ಯಾರಾದರೂ ಸೈಕಲ್ ಎಂದರೆ ಸಾಕು, ಅವನ ಮುಖ ಸಣ್ಣಗಾಗುತ್ತಿತ್ತು.

ಗುರುಗಳು ಅವನನ್ನು ಒಮ್ಮೆ ದಿಟ್ಟಿಸಿದರು. "ಕೂತುಕೋ ಮರಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಕೈ ಪಳಗಿದ ಕೆಲಸಗಾರ, ಆದರೆ ಸ್ವಲ್ಪ ಜಂಬದ ಆಸಾಮಿ. ಅಳತೆ ಕೊಡಲು ನಿಂತ ಹುಡುಗರು ಎದೆ ಉಬ್ಬಿಸಿದರೆ ಟೇಪನ್ನು ಹಿಂದಕ್ಕೆ ಎಳೆದುಕೊಂಡು, "ಉಸಿರು ಬಿಡಪ್ಪಾ, ಅಂಗಿ ದಿನಾ ಹಾಕ್ಕೋಬೇಕಾದ್ದು," ಎನ್ನುತ್ತಿದ್ದ. ತಂದೆ ತಾಯಿ ಇಲ್ಲದ ಅವನಿಗೆ ಒಡಹುಟ್ಟಿದವಳು ಒಬ್ಬಳೇ ತಂಗಿ. ಅವಳನ್ನು ಮೂಡಣ ದಿಕ್ಕಿನ ಒಂದು ಹಳ್ಳಿಗೆ ಕೊಟ್ಟಿದ್ದ. ನಡುವೆ ದೊಡ್ಡ ಬಯಲು. ಮರವಿಲ್ಲ, ಮರೆಯಿಲ್ಲ. ಬಸ್ಸು ಒಂದೇ. ಬೆಳಿಗ್ಗೆ ತಂಗಿಯ ಊರಿಗೆ ಹೋಗಿ ಸಂಜೆ ಹಿಂತಿರುಗುತ್ತಿತ್ತು.

ತಂಗಿ ಮೊದಲ ಸಲ ಬಸುರಿಯಾದಳು. ತವರಿಗೆ ಕರೆತರುವ ಮೊದಲೇ, ದಿನ ತುಂಬದೆ, ನೋವು ಕಾಣಿಸಿಕೊಂಡಿತು. ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ಮನೆಯಲ್ಲಿದ್ದವಳು ಕಣ್ಣು ಮಂಜಾದ ಅತ್ತೆ ಮಾತ್ರ. ಸಂಜೆಯ ಬಸ್ಸಿನ ಕಂಡಕ್ಟರ್ ದರ್ಜಿಗೆ ಸುದ್ದಿ ಮುಟ್ಟಿಸಿದ. ಬಸ್ಸು ಮತ್ತೆ ಹೊರಡುವುದು ಮರುದಿನವೇ. ದರ್ಜಿ ಹಿಂದೆ ಮುಂದೆ ನೋಡದೆ ಸೈಕಲ್ ಹತ್ತಿದ. ಅರ್ಧ ದಾರಿ ಮುಟ್ಟುವ ಮೊದಲೇ ಏದುಸಿರು ಬಂತು, ಕಾಲು ಮರಗಟ್ಟಿತು. ದಾರಿಯ ಬದಿಯಲ್ಲಿ ಕುಸಿದು ಕುಳಿತವನು ಬೆಳಗಾಗುವವರೆಗೂ ಏಳಲಿಲ್ಲ. ಬೆಳಗಿನ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಉಳಿದಳು, ಮಗು ಉಳಿಯಲಿಲ್ಲ.

ಅವಳು ಬೈಯಲಿಲ್ಲ. "ಅಣ್ಣ ಬರ್ತಾನೆ, ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ ಅಂದ್ಕೊಂಡಿದ್ದೆ," ಎಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದೆ ಯುಗಾದಿ ಬಂತು. ದರ್ಜಿ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಹೆಂಡತಿಗೆ ಹೇಳಿದ: "ಬರೋ ಯುಗಾದಿಯೊಳಗೆ, ಎಲ್ಲೂ ಕಾಲೂರದೆ ತಂಗಿಯ ಊರು ಮುಟ್ಟುತ್ತೇನೆ. ಇನ್ನೊಂದು ಸಲ ಅವಳು ಕರೆದಾಗ ನಾನು ದಾರೀಲಿ ಕೂತಿರಬಾರದು."

"ಹೇಳಿದ್ದಾಯ್ತಲ್ಲ, ಇನ್ನು ತುಳೀರಿ," ಎಂದಳು ಹೆಂಡತಿ.

ತುಳಿದ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಊರ ಸುತ್ತ ತುಳಿದ. ಆ ಸೀಮೆಯಲ್ಲಿ ಅಮಾವಾಸ್ಯೆಯಂದು ಎತ್ತುಗಳಿಗೆ ನೊಗ ಹೂಡುವುದಿಲ್ಲ. ದರ್ಜಿಯೂ ಅಂದು ಹೊಲಿಗೆ ಮಿಷನ್ ಮುಟ್ಟುತ್ತಿರಲಿಲ್ಲ. ಅದೇ ಅವನ ಪರೀಕ್ಷೆಯ ದಿನವಾಯಿತು. ಸುಣ್ಣದ ಡಬ್ಬಿಯನ್ನು ಸೈಕಲ್‌ಗೆ ಕಟ್ಟಿಕೊಂಡು ಬೆಳಿಗ್ಗೆ ಮೂಡಣಕ್ಕೆ ಹೊರಡುವನು. ಎಲ್ಲಿ ಕಾಲು ನೆಲಕ್ಕೆ ತಾಗಿತೋ ಅಲ್ಲಿನ ಕಲ್ಲಿಗೆ ಸುಣ್ಣ ಬಳಿಯುವನು. ಅಲ್ಲಿಗೆ ಆ ತಿಂಗಳ ಪರೀಕ್ಷೆ ಮುಗಿಯಿತು. ಸಂಜೆಯವರೆಗೆ ಕಾದು, ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿ ಮನೆಗೆ ಬರುವನು.

ಒಂದೊಂದು ಅಮಾವಾಸ್ಯೆಗೂ ಸುಣ್ಣದ ಗುರುತು ಮುಂದಕ್ಕೆ ಸರಿಯಿತು. ಮೊದಮೊದಲು ಅಷ್ಟಿಷ್ಟು. ಆಷಾಢ ಹಿಡಿದ ಮೇಲೆ ಕೇಳುವುದೇ ಬೇಡ. ಭೀಮನ ಅಮಾವಾಸ್ಯೆಯಂದು ದರ್ಜಿ ಎಲ್ಲೂ ಇಳಿಯದೆ ನೇರವಾಗಿ ತಂಗಿಯ ಮನೆಯ ಮುಂದೆ ಹೋಗಿ ಗಂಟೆ ಬಾರಿಸಿದ! ಅಂದು ಅಣ್ಣತಮ್ಮಂದಿರು ಹೊಸಿಲ ಮೇಲಿಟ್ಟ ಕಡುಬನ್ನು ಮೊಣಕೈಯಿಂದ ಗುದ್ದಿ ಒಡೆದು ಹರಸುವ ಪದ್ಧತಿ. ದರ್ಜಿ ಒಂದೇ ಗುದ್ದಿಗೆ ಒಡೆದ. ತಂಗಿ ನಾಚಿಕೊಂಡು, ತಾನು ಮತ್ತೆ ಬಸುರಿಯೆಂದು ಹೇಳಿದಳು. "ಈ ಸಲ ಓಡಾಡಲೇಬಾರದು ಅಂದಿದ್ದಾರೆ ಡಾಕ್ಟರು. ತವರಿಗೂ ಬರೋ ಹಾಗಿಲ್ಲ. ಮಾಘದಲ್ಲಿ ಹೆರಿಗೆ."

"ಹೆದರಬೇಡ ಕಣೇ. ಕರೆದ ಗಳಿಗೆಗೆ ಬಂದಿರ್ತೀನಿ," ಎಂದ ದರ್ಜಿ. ಸಂಜೆ ಬಸ್ಸಿನಲ್ಲೇ ಊರಿಗೆ ಬಂದ. ವರ್ಷದ ಸಂಕಲ್ಪ ಅರ್ಧ ವರ್ಷದೊಳಗೇ ಮುಗಿಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಸುಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ. ಗಾಳಿ ಬೆನ್ನು ತಳ್ಳುತ್ತಿರುವಾಗ ಗಾಳಿಯಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ ಮರಿ. ನನ್ನ ಕಾಲೇ ಕಾಲು ಎನ್ನಿಸುತ್ತದೆ.

ದೀಪಾವಳಿಯ ಅಮಾವಾಸ್ಯೆ ಬಂತು. ತಂಗಿಯನ್ನು ನೋಡಿ ಬರೋಣವೆಂದು ದರ್ಜಿ ಹಾಯಾಗಿ ಸೈಕಲ್ ಹತ್ತಿದ. ಮುಕ್ಕಾಲು ದಾರಿಗೆ ತೊಡೆ ಹಿಡಿದುಕೊಂಡಿತು, ಕಾಲು ನೆಲಕ್ಕೆ ತಾಗಿತು. ಅವನಿಗೆ ನಂಬಲಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಸುಣ್ಣದ ಡಬ್ಬಿಯನ್ನು ಅಟ್ಟದಿಂದ ಇಳಿಸಿಕೊಂಡು, ಹಲ್ಲು ಕಚ್ಚಿ ತುಳಿದ. ಮತ್ತೆ ಅದೇ ಜಾಗ. ಕಷ್ಟಪಟ್ಟು ಗಳಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎನ್ನಿಸಿತು. ಮನೆಗೆ ಬಂದವನು ಸೈಕಲನ್ನು ಗೋಡೆಗೆ ಒರಗಿಸಿ, "ಇದನ್ನು ಮಾರಿಬಿಡ್ತೀನಿ. ನನ್ನ ಕೈಲಿ ಆಗೋದಲ್ಲ," ಎಂದು ಚಾಪೆಯ ಮೇಲೆ ಉರುಳಿಕೊಂಡ. ಮಾಘಕ್ಕೆ ಇನ್ನೆಷ್ಟು ದಿನವೆಂದು ಬೆರಳು ಮಡಿಚಿ ಎಣಿಸಿದ.

ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಅಲ್ಲ, ಆಷಾಢದಲ್ಲಿ ನಾನು ಬಟ್ಟೆ ಒಣಹಾಕಿದ್ರೆ ನಿಮ್ಮ ತಂಗಿ ಊರ ಕಡೆಗೇ ಹಾರಿ ಹೋಗ್ತಿತ್ತು. ಆ ಗಾಳೀನೂ ನಿಮ್ಮ ಕಾಲಿನ ಲೆಕ್ಕಕ್ಕೇ ಸೇರಿಸ್ಕೊಂಡ್ರಿ. ಆ ಗಾಳಿಗೆ ಎದುರಾಗಿ ವಾಪಸ್ ಬರೋವಾಗ ಬಸ್ಸು ಹತ್ತಿದ್ರಿ. ಈಗ ಗಾಳಿ ಮೂಡಣದಿಂದ ಬೀಸ್ತಿದೆ, ನಿಮ್ಮ ಎದೆಗೇ ಬಡೀತಿದೆ. ಆದರೂ ಮುಕ್ಕಾಲು ದಾರಿ ಹೋಗಿದ್ದೀರಿ. ಗಿರಾಕಿಗಳಿಗೆಲ್ಲ ಉಸಿರು ಬಿಡು ಉಸಿರು ಬಿಡು ಅಂತೀರಿ. ನಿಮ್ಮ ಅಳತೆ ಮಾತ್ರ ಎದೆ ಉಬ್ಬಿಸ್ಕೊಂಡು ತಗೊಂಡ್ರಲ್ಲ!"

ದರ್ಜಿಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ಕುಳಿತ. ಹೆಂಡತಿ ಹೇಳಿದ್ದು ಗಾಳಿಯ ಮಾತು. ಯೋಚಿಸುತ್ತಾ ಹೋದಂತೆ ಅವನಿಗೆ ಇನ್ನೊಂದು ಕಾಣಿಸಿತು. ಮಗು ಹೋದ ದಿನವೂ ಅವನು ಕಾಲು ತಾಗಿದಲ್ಲೇ ಕುಳಿತುಬಿಟ್ಟಿದ್ದ. ಆಮೇಲೆ ತಿಂಗಳು ತಿಂಗಳೂ ಅದನ್ನೇ ಮಾಡುತ್ತಾ ಬಂದಿದ್ದ. ಕಾಲು ತಾಗಿದರೆ ಸುಣ್ಣ ಬಳಿಯುವುದು, ಕೂರುವುದು, ಬಸ್ಸಿಗೆ ಕಾಯುವುದು. ಯಾವುದನ್ನು ಕಲಿಯಬಾರದಿತ್ತೋ ಅದನ್ನೇ ಶ್ರದ್ಧೆಯಿಂದ ಕಲಿತಿದ್ದ. ಛೆ, ಎಂಥ ದಡ್ಡ ನಾನು ಎಂದುಕೊಂಡ.

ಅವನು ಸೈಕಲ್ ಮಾರಲಿಲ್ಲ. ಸುಣ್ಣ ಬಳಿಯುವುದನ್ನು ಬಿಟ್ಟ. ಮುಂದಿನ ಅಮಾವಾಸ್ಯೆಗೆ ಎದುರುಗಾಳಿಯಲ್ಲೇ ಹೊರಟ. ಕಾಲು ಸೋತಲ್ಲಿ ಇಳಿದ, ಸೈಕಲ್ ತಳ್ಳಿಕೊಂಡು ನಡೆದ, ಉಸಿರು ಹದಕ್ಕೆ ಬಂದೊಡನೆ ಮತ್ತೆ ಹತ್ತಿದ. ತಂಗಿಯ ಊರು ಮುಟ್ಟಿ, ನೀರು ಕುಡಿದು, ಬಸ್ಸಿನ ಕಡೆ ತಿರುಗಿಯೂ ನೋಡದೆ ತುಳಿದುಕೊಂಡೇ ಹಿಂದಕ್ಕೆ ಬಂದ. ದಾರಿಯಲ್ಲಿ ಕಂಡವರು ಸುಮ್ಮನಿದ್ದಾರೆಯೇ? "ಏನು ದರ್ಜಿ, ಆಷಾಢದಲ್ಲಿ ಹಾರಿಕೊಂಡು ಹೋಗ್ತಿದ್ದೆ, ಈಗ ತಳ್ಳಿಕೊಂಡು ಹೋಗ್ತಿದ್ದೀಯ! ನೀನು ಸೈಕಲ್ ಓಡಿಸ್ತೀಯೋ, ಅದು ನಿನ್ನ ಓಡಿಸ್ತದೋ?" ಎಂದು ನಕ್ಕರು. ದರ್ಜಿಗೆ ಉರಿಯಿತು. ಆದರೂ ತಳ್ಳುತ್ತಲೇ ಮುಂದೆ ಹೋದ. ಅಂದಿನಿಂದ ಪ್ರತಿ ಅಮಾವಾಸ್ಯೆಯ ರಾತ್ರಿ ಅವನು ತನ್ನನ್ನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದ: ಇವತ್ತೇ ಕರೆ ಬಂದಿದ್ದರೆ ನಾನು ತಲುಪುತ್ತಿದ್ದೆನೇ?

ಮಾಘದ ಒಂದು ಸಂಜೆ ಅದೇ ಕಂಡಕ್ಟರ್ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಕೂಗಿದ: "ದರ್ಜಿ, ನಿನ್ನ ತಂಗಿಗೆ ನೋವು ಶುರುವಾಗಿದೆ. ಮನೇಲಿ ಗಂಡಸರು ಯಾರೂ ಇಲ್ಲ!" ದರ್ಜಿ ಕತ್ತರಿಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಎದ್ದ. ಬಯಲಿಗೆ ಬಿದ್ದರೆ ಮೂಡಣ ಗಾಳಿ ಧೂಳೆಬ್ಬಿಸಿಕೊಂಡು ಮುಖಕ್ಕೇ ಬಡಿಯುತ್ತಿತ್ತು. ತುಳಿದ. ಇಳಿದು ತಳ್ಳಿದ. ಮತ್ತೆ ಹತ್ತಿ ತುಳಿದ. ಮೊದಲ ಸಲ ಕುಸಿದು ಕುಳಿತಿದ್ದ ಜಾಗ ಬಂತು, ಹೋಯಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಧೂಳಿಗೋ ದುಃಖಕ್ಕೋ ಅವನಿಗೇ ಗೊತ್ತಾಗಲಿಲ್ಲ. ಎಷ್ಟು ಕಡೆ ಇಳಿದೆನೆಂಬ ಲೆಕ್ಕವನ್ನೂ ಇಡಲಿಲ್ಲ.

ಊರು ದೀಪ ಆರಿಸಿ ಮಲಗುವ ಹೊತ್ತಿಗೆ ಅವನು ತಂಗಿಯ ಬಾಗಿಲಲ್ಲಿದ್ದ. ನೆರೆಮನೆಯವರನ್ನು ಎಬ್ಬಿಸಿ ಗಾಡಿ ಕಟ್ಟಿಸಿದ. ಹುಲ್ಲು ಹಾಸಿ ಅವಳನ್ನು ಮಲಗಿಸಿ, ಆಸ್ಪತ್ರೆಯವರೆಗೂ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. "ಬಂದ್ಯಾ ಅಣ್ಣ," ಎಂದಳು ಅವಳು. "ಬಂದೆ ಕಣೇ," ಎಂದ. ಇನ್ನು ಸ್ವಲ್ಪ ತಡವಾಗಿದ್ದರೂ ಇಬ್ಬರೂ ಕೈಬಿಟ್ಟುಹೋಗುತ್ತಿದ್ದರು ಎಂದು ಡಾಕ್ಟರು ಹೇಳಿದರಂತೆ. ತಾಯಿ ಉಳಿದಳು, ಮಗುವೂ ಉಳಿಯಿತು. ಹೆಣ್ಣು ಮಗು.

ಯುಗಾದಿ ಬಂದಾಗ ಊರಿನ ಹುಡುಗರ ಪಟಾಲಮ್ಮು ದರ್ಜಿಯನ್ನು ಹಿಡಿದುಕೊಂಡು, ಈ ವರ್ಷ ಏನು ಸಾಧಿಸಿದೆ ಎಂದು ಕೇಳಿತು. ದರ್ಜಿ ನಕ್ಕು, ತಂಗಿಯ ಮಗಳಿಗೆ ಲಂಗ ಹೊಲಿಯುವುದಿದೆ, ದಾರಿ ಬಿಡಿ ಎಂದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕುಳಿತಿದ್ದ. ಅವನಿಗೆ ಈಗ ತಡೆಯಲಾಗಲಿಲ್ಲ.

"ಬುದ್ಧಿ, ಎಲ್ಲೂ ಕಾಲೂರದೆ ಹೋದದ್ದು ಆಷಾಢದಲ್ಲಿ. ಕಂಡಕಂಡಲ್ಲಿ ಕಾಲೂರಿಕೊಂಡು ಹೋದದ್ದು ಮಾಘದಲ್ಲಿ. ಹಾಗಾದರೆ ಅವನ ಸಂಕಲ್ಪ ನೆರವೇರಿದ್ದು ಯಾವತ್ತು?"

"ಅದನ್ನು ದರ್ಜಿಯೂ ಕೇಳಿಕೊಳ್ಳಲಿಲ್ಲ ಮರಿ, ಅವನಿಗೆ ತನ್ನನ್ನು ಕರೆದವರು ಯಾರೆಂದು ಗೊತ್ತಿತ್ತು; ಆ ಬೆಟ್ಟಗಳಿಗೆ ನಿನ್ನನ್ನು ಕರೆದವರು ಯಾರು?"