ನಾಳೆ ಬಾ ಎಂದ ಕುಂಬಾರ

“ಗುರುಗಳೇ, ಯಾವುದೋ ಹಳೆಯ ಸಾಲವಂತೆ. ವಸೂಲಿಯವನು ದಿನಕ್ಕೆ ಮೂರು ಸಲ ನನ್ನ ಬಾಗಿಲಿಗೆ ಬರುತ್ತಾನೆ. ಬೈದರೂ ಹೋಗುವುದಿಲ್ಲ, ಬೇಡಿಕೊಂಡರೂ ಹೋಗುವುದಿಲ್ಲ. ಸಾಕುಸಾಕಾಗಿದೆ. ಇವನ ಕಾಟವನ್ನು ಸಹಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮನೆಗೂ ಒಬ್ಬ ವಸೂಲಿಯವನು ಬರತೊಡಗಿದ. “ನಿಮ್ಮಪ್ಪ ಮಾಡಿದ ಸಾಲ, ನೀನು ತೀರಿಸಬೇಕು” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಸಾಲ ಇದ್ದರೂ ಇದ್ದೀತು ಎಂದುಕೊಂಡ ಕುಂಬಾರ. ಪತ್ರ ತೋರಿಸು ಎನ್ನಬಹುದಿತ್ತು. ಆದರೆ ವಸೂಲಿಯವನು ಅದನ್ನು ನಿಂತಲ್ಲೇ ಗಟ್ಟಿಯಾಗಿ ಓದಿದರೆ, ಅಕ್ಕಪಕ್ಕದವರು ಕಿವಿ ನಿಮಿರಿಸಿದರೆ, ಮಾನ ಮೂರುಕಾಸಾಗುತ್ತದೆ ಎಂದು ಹೆದರಿದ. ಬೀದಿಗೆಲ್ಲ ಆಗಲೇ ಕೇಳಿಸಿಯಾಗಿದೆ ಎಂಬುದು ಮಹಾಶಯನಿಗೆ ಹೊಳೆಯಲಿಲ್ಲ. ದೆವ್ವ ಒಳಗೆ ಬಾರದಿರಲೆಂದು ಜನ ಬಾಗಿಲ ಮೇಲೆ ಬರೆಯುತ್ತಾರಲ್ಲ, ಆ ಮಾತನ್ನೇ ಮೆಲ್ಲಗೆ ಹೇಳಿ ಅವನನ್ನು ಸಾಗಹಾಕಿದ: “ನಾಳೆ ಬಾ.”

ದೆವ್ವವಾದರೆ ಮೋಸ ಹೋಗುತ್ತಿತ್ತೋ ಏನೋ. ವಸೂಲಿಯವನು ಮರುದಿನ ಬೆಳಕು ಹರಿಯುವ ಹೊತ್ತಿಗೇ ಹಾಜರಾದ. ಮತ್ತೆ “ನಾಳೆ ಬಾ.” ಮತ್ತೆ ಹಾಜರು. ತಿರುಗಣಿಯ ಮುಂದೆ ಕುಳಿತರೆ ಅವನು, ಉಣ್ಣಲು ಕುಳಿತರೆ ಅವನು, ಕೆರೆಯಲ್ಲಿ ಮಣ್ಣು ತೆಗೆಯುತ್ತಿದ್ದರೆ ಏರಿಯ ಮೇಲೂ ಅವನೇ. ಕುಂಬಾರನಿಗೆ ತಲೆ ಚಿಟ್ಟು ಹಿಡಿಯಿತು. ಒಂದು ದಿನ ಹೆಂಡತಿ ಊಟಕ್ಕೆ ಕರೆದರೆ ಅವಳಿಗೂ “ನಾಳೆ ಬಾ” ಎಂದುಬಿಟ್ಟ.

ಹೀಗೆ ಒಂದು ತಿಂಗಳಾಯಿತು. ಆಗ ಅವನು ಒಂದು ಮದುವೆಮನೆಯವರು ಹೇಳಿದ್ದ ಇನ್ನೂರು ಗಡಿಗೆಗಳನ್ನು ಆವಿಗೆಗೆ ಪೇರಿಸಿ ಬೆಂಕಿ ಕೊಟ್ಟಿದ್ದ. ಆರು ತಿಂಗಳ ಅನ್ನ ಆ ಆವಿಗೆಯಲ್ಲಿತ್ತು. ಸೌದೆ ತರಲು ಎದ್ದವನನ್ನು ವಸೂಲಿಯವನು ಅಂಗಳದಲ್ಲೇ ತಡೆದು, ಅವನ ಸುತ್ತ ಸುಣ್ಣದ ಗೆರೆ ಎಳೆದ. ಆ ಕಾಲದ ಕಟ್ಟಳೆ ಅದು. ಸಾಲಗಾರನ ಸುತ್ತ ಗೆರೆ ಎಳೆದರೆ, ಸಾಲದ ಮಾತು ಇತ್ಯರ್ಥವಾಗುವ ತನಕ ಅವನು ಅದನ್ನು ದಾಟುವಂತಿಲ್ಲ. ದಾಟಿದವನ ಕೈಯ ಗಡಿಗೆಯನ್ನು ಊರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಹತ್ತು ಹೆಜ್ಜೆಯಾಚೆ ಬೆಂಕಿ ಇಳಿಯುತ್ತ ಬಂತು. ಆಗಲೂ ಪತ್ರ ಕೇಳಲು ಹೆದರಿ ಕುಂಬಾರ ನಿಂತಲ್ಲೇ ನಿಂತು ನೋಡಿದ. ಸಿಟ್ಟಿಗೆ ಅವನ ಕಣ್ಣಲ್ಲಿ ನೀರು ಬಂತು.

ಸಂತೆಗೆ ಹೋಗಿದ್ದ ಹೆಂಡತಿ ಮರಳುವಷ್ಟರಲ್ಲಿ ಆವಿಗೆ ತಣ್ಣಗಾಗಿತ್ತು. ಅವಳು ಬುಟ್ಟಿಯನ್ನು ಕೆಳಗಿಟ್ಟು, “ಅದೇನು ಪತ್ರ ಐತೋ ಓದಯ್ಯ, ಊರೇ ಕೇಳ್ಲಿ” ಎಂದಳು.

ವಸೂಲಿಯವನು ಓದಿದ. ಸಾಲ ಮಾಡಿದವನು ಹೊಳೆಯಾಚೆಯ ಊರಿನ ಬೇರೊಬ್ಬ ಕುಂಬಾರ. ಇವನ ಅಪ್ಪನಿಗೂ ಆ ಪತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ.

“ಯಾರದೋ ಸಾಲಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!” ಎಂದು ಕುಂಬಾರ ಅರಚಿದ.

ವಸೂಲಿಯವನು ಕಾಲಿನಿಂದ ಗೆರೆಯನ್ನು ಅಳಿಸುತ್ತ, “ಮೂವತ್ತು ದಿನ ನಾಳೆ ಬಾ ಅಂದ್ಯಲ್ಲ, ನಮ್ಮದಲ್ಲ ಅಂತ ಒಂದಿನನಾದ್ರೂ ಅಂದ್ಯಾ?” ಎಂದು ಕೇಳಿ, ಹೊಳೆಯ ಕಡೆಗೆ ಹೊರಟುಹೋದ. ಇನ್ನೂರು ಗಡಿಗೆಗಳಲ್ಲಿ ಒಂದೂ ಬೆಂದಿರಲಿಲ್ಲ.

ಶಿಷ್ಯ ಹಣೆ ಚಚ್ಚಿಕೊಂಡ. “ಗುರುಗಳೇ, ಎಂಥ ದಡ್ಡ ಅವನು! ಮೊದಲ ದಿನವೇ ಪತ್ರ ಕೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.”

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: “ನಿನ್ನ ಬಾಗಿಲಿಗೆ ಬರುವವನ ಪತ್ರದಲ್ಲಿ ಯಾರ ಹೆಸರಿದೆ?”