ಅಂಬಿಗನ ಮೇಲ್ಮನವಿ

"ಗುರುಗಳೇ, ಜನರಿಂದ ಆರಿಸಿಬಂದು ನ್ಯಾಯ ಹೇಳುವವನು ಜನರ ಮಾತನ್ನು ಕೇಳಬೇಕಲ್ಲವೇ?"

ಹಾಗೆ ಕೇಳಿದವನು ಹಾಲಪ್ಪನೆಂಬ ಶಿಷ್ಯ. ಊರಿನವರು ಅವನನ್ನು ಪಂಚರಲ್ಲಿ ಒಬ್ಬನನ್ನಾಗಿ ಆರಿಸಿದ್ದರು. ಮರುದಿನ ಅವನು ಮಠ ಬಿಟ್ಟು ಹೊರಡುವವನಿದ್ದ. ಗುರುಗಳು ಅವನನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ನಾಡಿನಲ್ಲಿ, ಕೆಳಗಿನ ನ್ಯಾಯಸ್ಥಾನದ ತೀರ್ಪನ್ನು ಒಪ್ಪದವರು ಮೇಲಿನ ಪೀಠಕ್ಕೆ ಮನವಿ ಕೊಡಬಹುದಿತ್ತು. ಆ ಪೀಠದ ನ್ಯಾಯಾಧೀಶನನ್ನು ಆರು ವರ್ಷಕ್ಕೊಮ್ಮೆ ಜನರೇ ಆರಿಸುತ್ತಿದ್ದರು. ಬೇಕೆನ್ನುವವರು ಮಡಕೆಗೆ ಬಿಳಿಯ ಕಲ್ಲು ಹಾಕುತ್ತಿದ್ದರು, ಬೇಡವೆನ್ನುವವರು ಕರಿಯದು.

ಅಲ್ಲಿ ಒಬ್ಬನಿದ್ದ. ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವ ಕೆಲಸದಿಂದ ಶುರುಮಾಡಿ, ವಕೀಲನಾಗಿ, ಕೆಳಗಿನ ನ್ಯಾಯಾಧೀಶನಾಗಿ, ತಲೆ ನರೆಯುವ ಹೊತ್ತಿಗೆ ಮೇಲಿನ ಪೀಠಕ್ಕೆ ಬಂದ. ಮೊದಲ ಸಲ ಗೆದ್ದಾಗ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಅವನ ಗೆಳೆಯ, ಒಬ್ಬ ಎಣ್ಣೆ ವ್ಯಾಪಾರಿ.

ಪೀಠವೇರಿದ ಮೇಲೆ ಅವನು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟ. ಇಂದು ಊಟಕ್ಕೆ ಕರೆದವನು ನಾಳೆ ಮನವಿ ಹಿಡಿದು ಬರಬಹುದು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೊರಗೆ ಅವನು ಉಣ್ಣುತ್ತಿದ್ದ ಮನೆ ಒಂದೇ. "ನನ್ನದು ಯಾರ ಮೇಲೂ ವ್ಯಾಜ್ಯವಿಲ್ಲ, ಹೆದರದೆ ಉಣ್ಣು" ಎಂದು ಎಣ್ಣೆ ವ್ಯಾಪಾರಿ ನಗುತ್ತಿದ್ದ. ಅವನ ಮಗಳು ನೀಲವ್ವ ಬಡಿಸುತ್ತಿದ್ದಳು. ಎರಡನೆಯ ಸಲವೂ ನ್ಯಾಯಾಧೀಶ ಗೆದ್ದ.

ಆಮೇಲೆ ಹೊಳೆಯಲ್ಲಿ ದೋಣಿ ಮಗುಚಿತು. ಹನ್ನೊಂದು ಜನ ಸತ್ತರು. ಅವರಲ್ಲಿ ನೀಲವ್ವನೂ ಒಬ್ಬಳು. ಅಂಬಿಗ ಮಾತ್ರ ಈಜಿ ದಡ ಸೇರಿದ್ದ. ಕೆಳಗಿನ ನ್ಯಾಯಸ್ಥಾನ ಒಂದೇ ದಿನದಲ್ಲಿ ವಿಚಾರಣೆ ಮುಗಿಸಿ ಅವನಿಗೆ ಇಪ್ಪತ್ತು ವರ್ಷ ಸೆರೆ ವಿಧಿಸಿತು. ಊರಿಗೆ ಅದೂ ಕಡಿಮೆಯೆನಿಸಿತು.

ಅಂಬಿಗನ ಮನವಿ ಮೇಲಿನ ಪೀಠಕ್ಕೆ ಬಂತು. ನ್ಯಾಯಾಧೀಶ ಕಡತವನ್ನು ಎರಡು ಸಲ ಓದಿದ. ಇಪ್ಪತ್ತಮೂರು ಜನರ ಹೇಳಿಕೆಗಳಿದ್ದವು. ಅಂಬಿಗನ ಹೇಳಿಕೆ ಇರಲಿಲ್ಲ. 'ನನಗೂ ಹೇಳುವುದಿದೆ ಎಂದು ಆರೋಪಿ ಎದ್ದನು; ಜನ ಕೂಗಿದ್ದರಿಂದ ಕೂರಿಸಲಾಯಿತು' ಎಂಬ ಒಂದು ಸಾಲು ಮಾತ್ರ ಇತ್ತು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಅವನು ಬಹಳ ಹೊತ್ತು ಕುಳಿತ. ಕೊನೆಗೆ ಶಿಕ್ಷೆಯನ್ನು ರದ್ದುಮಾಡಿ, ವಿಚಾರಣೆ ಹೊಸದಾಗಿ ನಡೆಯಲಿ ಎಂದು ಬರೆದ.

ಅದನ್ನು ಬೇರೆಯವರ ಬಾಯಿಂದ ಗೆಳೆಯ ಕೇಳಬಾರದೆಂದು ತಾನೇ ಅವನ ಮನೆಗೆ ಹೋದ. ಎಣ್ಣೆ ವ್ಯಾಪಾರಿ ಬಾಗಿಲಲ್ಲೇ ನಿಂತ.

"ಅವನು ತಪ್ಪು ಮಾಡಿಲ್ಲ ಅನ್ನುತ್ತೀಯಾ?"

"ನನಗೆ ಗೊತ್ತಿಲ್ಲ. ಅವನು ಏನು ಹೇಳುತ್ತಾನೆಂದು ಯಾರೂ ಕೇಳಿಲ್ಲ."

"ನನ್ನ ಮಗಳು ಏನು ಹೇಳುತ್ತಿದ್ದಳೆಂದು ಯಾರು ಕೇಳಬೇಕು?"

ಗೆಳೆಯ ಬಾಗಿಲು ಹಾಕಿಕೊಂಡ. ಮೆಲ್ಲಗೆ ಹಾಕಿಕೊಂಡ. ದಢಾರನೆ ಹಾಕಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ದಾರಿಯುದ್ದಕ್ಕೂ ಅವನಿಗೆ ಅನಿಸಿತು.

ಅಂದಿನಿಂದ ಕ್ಷೌರಿಕ ಮಾತಿಲ್ಲದೆ ಕ್ಷೌರ ಮಾಡಿ ಕಳಿಸುತ್ತಿದ್ದ. ಸಂತೆಯಲ್ಲಿ ಅವನು ನಿಂತಲ್ಲಿ ಪಕ್ಕದವರು ಸರಿದು ನಿಲ್ಲುತ್ತಿದ್ದರು. ಚುನಾವಣೆ ಹತ್ತಿರವಿತ್ತು. 'ದುಡುಕಿದೆ' ಎಂದು ಸಭೆಯಲ್ಲಿ ಒಂದು ಮಾತು ಹೇಳಿದರೆ ಸಾಕು ಎಂದು ಉಳಿದಿದ್ದ ಇಬ್ಬರು ಹಿತೈಷಿಗಳು ಬೇಡಿಕೊಂಡರು. ಅವನು ಸಭೆಯಲ್ಲಿ ಎದ್ದು, "ಕಡತದಲ್ಲಿ ಇದ್ದದ್ದನ್ನು ನೋಡಿ ಬರೆದೆ" ಎಂದಷ್ಟೇ ಹೇಳಿ ಇಳಿದ. ಮಡಕೆ ಸುರಿದಾಗ ಬಿಳಿಯ ಕಲ್ಲುಗಳು ಹತ್ತೊಂಬತ್ತು ಇದ್ದವು, ಉಳಿದವೆಲ್ಲ ಕರಿಯವು. ಎಣಿಕೆ ಮುಗಿಯುವವರೆಗೆ ಅಂಗಳದಲ್ಲಿ ನಿಲ್ಲುವುದು ಪದ್ಧತಿ. ನಿಂತ. ಆಮೇಲೆ ಒಬ್ಬನೇ ಮನೆಗೆ ನಡೆದ.

ಹೊಸ ವಿಚಾರಣೆ ನಡೆಯಿತು. ಅಂಬಿಗ ಒಂದು ಇಡೀ ದಿನ ಮಾತಾಡಿದ. ಶಿಕ್ಷೆ ಬದಲಾಗಲಿಲ್ಲ. ಅದೇ ಇಪ್ಪತ್ತು ವರ್ಷ.

"ಇಷ್ಟಕ್ಕೆ ಅಷ್ಟೆಲ್ಲ ಮಾಡಿದನೇ?" ಎಂದು ಊರು ನಕ್ಕಿತು. ಮಾಜಿ ನ್ಯಾಯಾಧೀಶ ಅದನ್ನು ಅಂಗಡಿಯಲ್ಲಿ ಕೇಳಿಸಿಕೊಂಡು ಕೊಂಡದ್ದನ್ನು ಅಲ್ಲೇ ಮರೆತು ಮನೆಗೆ ಬಂದ. ಇದ್ದದ್ದನ್ನು ಇದ್ದಂತೆ ಬಿಟ್ಟಿದ್ದರೆ ಅಂಬಿಗನಿಗೆ ಆಗುವುದು ಇದೇ ಆಗುತ್ತಿತ್ತು. ಗೆಳೆಯನ ಮನೆಯ ಅನ್ನವಾದರೂ ಉಳಿಯುತ್ತಿತ್ತು. ಈ ಯೋಚನೆ ಅವನನ್ನು ಎಷ್ಟೋ ದಿನ ಬಿಡಲಿಲ್ಲ.

ಒಂದು ಮಧ್ಯಾಹ್ನ ಕಾವಲಿನವರು ಅಂಬಿಗನನ್ನು ಸೆರೆಮನೆಗೆ ಒಯ್ಯುತ್ತಿದ್ದರು. ಅಂಬಿಗ ಕೇಳಿಕೊಂಡದ್ದರಿಂದ ಮಾಜಿ ನ್ಯಾಯಾಧೀಶನ ಮನೆಯ ಮುಂದೆ ನಿಂತರು. ಮುದುಕ ಹೊರಗೆ ಬಂದು ನೀರು ಕೊಟ್ಟ. ಅಂಬಿಗ ಕುಡಿದು ಬಾಯಿ ಒರೆಸಿಕೊಂಡ.

"ಬುದ್ಧೀ, ದೋಣಿ ಬೆಳಿಗ್ಗೆಯೇ ಸೋರುತ್ತಿತ್ತು. ಅದನ್ನು ಈ ಸಲ ನ್ಯಾಯಸ್ಥಾನದಲ್ಲಿ ನನ್ನ ಬಾಯಿಂದಲೇ ಹೇಳಿದೆ. ಹೇಳಿ ಮುಗಿಸುವವರೆಗೆ ಯಾರೂ ಕೂರು ಅನ್ನಲಿಲ್ಲ."

ಅಷ್ಟು ಹೇಳಿ ಹೋದ. ಮುದುಕ ಇನ್ನೂ ಒಂಬತ್ತು ವರ್ಷ ಬದುಕಿದ್ದ. ಎಣ್ಣೆ ವ್ಯಾಪಾರಿಯ ಬಾಗಿಲು ಅವನಿಗೆ ತೆರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪ ಕೇಳಿದ: "ಹಾಗಾದರೆ ಅವನು ಜನರ ಮಾತು ಕೇಳಲೇ ಇಲ್ಲವಲ್ಲ, ಗುರುಗಳೇ?"

"ಕೇಳಿದ, ಸೆರೆಯಲ್ಲಿದ್ದು ಮಡಕೆಗೆ ಕಲ್ಲು ಹಾಕಲಾಗದವನ ಮಾತು ಕೇಳಿದ," ಎಂದರು ಗುರುಗಳು.