ಹೆಗ್ಗಣರಾಯರ ಕಾವಲು ಕೂಲಿ

ಮಳೆಗಾಲಕ್ಕೆಂದು ಇರುವೆಯೊಂದು ನೂರು ರಾಗಿಕಾಳನ್ನು ಹೆಗ್ಗಣದ ಬಿಲದಲ್ಲಿ ಇರಿಸಿತ್ತು. ಮರಿಗಳ ಹೊಟ್ಟೆ ಆ ಕಾಳನ್ನೇ ನಂಬಿತ್ತು. ಒಂದು ಬೆಳಿಗ್ಗೆ ಹೆಗ್ಗಣ ಹೊಸ ಕಟ್ಟಳೆ ಸಾರಿತು: "ಇನ್ನು ಮೇಲೆ ವಾರಕ್ಕೆ ಐದು ಕಾಳು ಕಾವಲು ಕೂಲಿ."

"ಕಾಳನ್ನು ಬಿಸಿಲಿಗೆ ಹಾಕುತ್ತೀರಾ, ರಾಯರೇ? ಮೊಳಕೆ ಚಿವುಟುತ್ತೀರಾ?"

"ಅದೆಲ್ಲ ನನ್ನ ಕೆಲಸವಲ್ಲ ಕಣಮ್ಮ. ಇಷ್ಟು ಕಾಳು ಹೊತ್ತು ನೀನು ಹೋಗುವುದಾದರೂ ಎಲ್ಲಿಗೆ?"

ಇರುವೆ ವಾದಕ್ಕೆ ನಿಲ್ಲದೆ ಅಂದೇ ತೋಟವೆಲ್ಲ ಸುತ್ತಿ ವಿಚಾರಿಸಿತು. ಮರಕುಟಿಗನ ಪೊಟರೆಯಲ್ಲಿ ಕೂಲಿಯಿಲ್ಲ, ಆದರೆ ಮಳೆ ನಿಲ್ಲುವ ತನಕ ಬಾಗಿಲು ತೆರೆಯುವುದಿಲ್ಲ. ಬೇಲಿಯ ಬುಡದಲ್ಲಿ ಗೊದ್ದ ಇರುವೆಗಳು ಕೂಡಿ ಕಟ್ಟಿದ ಕಣಜದಿಂದ ಬೇಕೆಂದಾಗ ತೆಗೆಯಬಹುದು. ಸರದಿಯ ಮೇಲೆ ಎಲ್ಲರೂ ಕಾಳು ಒಣಗಿಸಬೇಕು, ಅಷ್ಟೇ. ಹಸಿದ ಮರಿಗಳು ಮಳೆ ನಿಲ್ಲಲೆಂದು ಕಾಯುವುದಿಲ್ಲ. ಇರುವೆ ಕಣಜವನ್ನೇ ಆರಿಸಿತು.

ಮರುದಿನ ಅದು ಮೊದಲ ಕಾಳು ಹೊತ್ತು ಹೊರಟಾಗ ಹೆಗ್ಗಣ ಅಡ್ಡ ಬಂದು ಪಿಸುಗುಟ್ಟಿತು: "ಎಷ್ಟಾದರೂ ಹಳೆಯ ಗಿರಾಕಿ ನೀನು. ನಿನಗೊಬ್ಬಳಿಗೆ ಕೂಲಿ ಮಾಫಿ. ಯಾರಿಗೂ ಹೇಳಬೇಡ."

"ಬಿಟ್ಟುಕೊಡಬಹುದಾದ ಕೂಲಿಯನ್ನು ಕೇಳಿದ್ದೇಕೆ, ರಾಯರೇ?" ಎಂದು ಇರುವೆ ಗಟ್ಟಿಯಾಗಿಯೇ ಕೇಳಿತು.

ಕೂಲಿ ಕೊಡಲು ಸಾಲಿನಲ್ಲಿ ನಿಂತಿದ್ದ ಇಲಿ, ಅಳಿಲುಗಳು ಮುಖ ಮುಖ ನೋಡಿಕೊಂಡವು. ಆಮೇಲೆ ಐದೈದು ಕಾಳನ್ನೂ ಮತ್ತೆ ಕಂಕುಳಿಗೆ ಸೇರಿಸಿ, "ನಮ್ಮ ಗಂಟನ್ನೂ ಕೊಟ್ಟುಬಿಡಿ" ಎಂದವು.